ತಾತನ ರೂಟಿನಲ್ಲಿ ನಾಲ್ಕು ದಿನ

ತಾತ ತೀರಿಕೊಂಡು ವರ್ಷವಾಗಿ, ವರ್ಷದ ತಿಥಿಗೆಂದು ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಅಜ್ಜಿ ಅಡುಗೆಮನೆಯ ಅಟ್ಟದಿಂದ ಒಂದು ಸ್ಟೀಲ್ ಡಬ್ಬಿ ಇಳಿಸಿಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕಲು ಕುಳಿತರು. ಅದು ನಮ್ಮ ಮನೆಯ ಡಬ್ಬಿಯಲ್ಲ. ಮುಚ್ಚಳದ ಮೇಲೆ ಬೇರೆ ಮನೆಯವರ ಹೆಸರಿನ ಅಕ್ಷರಗಳನ್ನು ಕೊರೆಸಲಾಗಿದೆ. ಮೂವತ್ತಮೂರು ವರ್ಷಗಳಿಂದ ಅದು ನಮ್ಮಲ್ಲಿದ್ದರೂ ಇನ್ನೊಬ್ಬರ ಮನೆಯ ಪಾತ್ರೆ ಎಂಬ ಕಾರಣಕ್ಕೆ ಅಜ್ಜಿ ಅದರಲ್ಲಿ ಒಂದು ದಿನವೂ ಏನನ್ನೂ ತುಂಬಿಟ್ಟಿರಲಿಲ್ಲ. ತಿಕ್ಕಿ ತೊಳೆದು ಬಿಸಿಲಿಗಿಟ್ಟ ಮೇಲೆ ಅವರು ಅಪ್ಪನನ್ನು ಕರೆದು, "ನಿಮ್ಮಪ್ಪ ಬಸ್ಸು ಓಡಿಸಿದ ದಾರೀಲಿ ಒಂದು ಸಲ ಹೋಗಿಬರಬೇಕು. ಕಾರು ಬೇಡ. ಅವರು ಕಾರು ಓಡಿಸಿದವರಲ್ಲ" ಎಂದರು.

ತಾತ ಸರ್ಕಾರಿ ಬಸ್ಸಿನ ಚಾಲಕರಾಗಿದ್ದರು. 1965ರಲ್ಲಿ ಕೆಲಸಕ್ಕೆ ಸೇರಿದಾಗ ಅದು ಇನ್ನೂ ಮೈಸೂರು ರಾಜ್ಯದ ರಸ್ತೆ ಸಾರಿಗೆ ನಿಗಮ. 1948ರಲ್ಲಿ ಸರ್ಕಾರದ ಇಲಾಖೆಯಾಗಿ 120 ಬಸ್ಸುಗಳಿಂದ ಆರಂಭವಾದ ಸಾರಿಗೆಯು 1961ರಲ್ಲಿ ನಿಗಮವಾಗಿತ್ತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ ಬಸ್ಸಿನ ಮೇಲಿನ ಹೆಸರೂ ಬದಲಾಯಿತು. ತಾತ 1998ರಲ್ಲಿ ನಿವೃತ್ತರಾದರು. ಆ ಮೂವತ್ತಮೂರು ವರ್ಷಗಳಲ್ಲಿ ಅವರು ಮನೆಯಲ್ಲಿ ಮಲಗಿದ ರಾತ್ರಿಗಳಿಗೂ ಹೊರಗೆ ಮಲಗಿದ ರಾತ್ರಿಗಳಿಗೂ ಹೆಚ್ಚು ವ್ಯತ್ಯಾಸವಿರಲಾರದು. ಹಾಗಿದ್ದೂ ತಾತನನ್ನು ನೆನೆದಾಗಲೆಲ್ಲ ನಮ್ಮ ಮನೆಯವರ ಬಾಯಿಗೆ ಮೊದಲು ಬರುವ ಮಾತು ಅವರು ಮನೆಯಲ್ಲಿ ಹೇಗಿದ್ದರು ಎಂಬುದೇ ಆಗಿದೆ. ಮನೆಯಿಂದ ದೂರವಿದ್ದ ಅಷ್ಟೊಂದು ರಾತ್ರಿಗಳಲ್ಲಿ ಅವರು ಹೇಗಿದ್ದರೆಂಬುದು ಅಜ್ಜಿಗೂ ಪೂರ್ತಿ ತಿಳಿದಿರಲಿಲ್ಲ. ಅದನ್ನು ನೋಡಲೆಂದೇ ಎಪ್ಪತ್ತೊಂಬತ್ತರ ಅಜ್ಜಿ, ಕಳೆದ ವರ್ಷವಷ್ಟೇ ನಿವೃತ್ತರಾದ ಅಪ್ಪ, ನಾನು ಮತ್ತು ಎಂಟು ವರ್ಷದ ನನ್ನ ಮಗ ಮಾರ್ಚ್ ಕೊನೆಯ ವಾರದಲ್ಲಿ ಹೊರಟೆವು.

ಮೊದಲ ದಿನ: ಹಾಸನದಿಂದ ಸಕಲೇಶಪುರ

ನಮ್ಮೂರು ಹಾಸನ–ಬೇಲೂರು ರಸ್ತೆಯಲ್ಲಿ ಹಗರೆಯ ಸಮೀಪದಲ್ಲಿದೆ. ಬೆಳಿಗ್ಗೆ ಹಾಸನಕ್ಕೆ ಬಂದು ಸಕಲೇಶಪುರದ ಬಸ್ಸು ಹತ್ತಿದಾಗ ಅಜ್ಜಿ ಬೇರೆ ಆಸನಗಳತ್ತ ನೋಡದೆ ಚಾಲಕನ ಹಿಂದಿನ ಸೀಟಿನಲ್ಲಿ ಹೋಗಿ ಕುಳಿತರು. ನಿರ್ವಾಹಕರು ಆಧಾರ್ ಕಾರ್ಡು ನೋಡಿ ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ ಹರಿದು ಕೊಟ್ಟರು. ಮಹಿಳೆಯರಿಗೆ 2023ರ ಜೂನ್ 11ರಿಂದ ಈ ಸೌಲಭ್ಯವಿದೆ. ಅಜ್ಜಿ ಆ ಟಿಕೆಟನ್ನು ಎರಡು ಮಡಿಕೆ ಮಾಡಿ ಎಲೆಯಡಿಕೆ ಚೀಲದೊಳಗಿಟ್ಟುಕೊಂಡರು. ಅದನ್ನು ಕಂಡ ಅಪ್ಪನಿಗೆ ಹಳೆಯ ಸಂಗತಿಯೊಂದು ನೆನಪಾಯಿತು.

1970ರ ಸುಮಾರಿಗೆ, ಅಪ್ಪ ಐದು ವರ್ಷದವರಿದ್ದಾಗ, ತಾತ ಶಾಲೆಗೆ ರಜೆಯಿದ್ದ ದಿನಗಳಲ್ಲಿ ಅವರನ್ನು ಇದೇ ರಸ್ತೆಯ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರಂತೆ. ನಿರ್ವಾಹಕರು ತಾತನಿಗೆ ಒಡಹುಟ್ಟಿದವರಂತಿದ್ದರೂ ತಾತ ಪ್ರತಿ ಸಲವೂ ಜೇಬಿನಿಂದ ದುಡ್ಡು ತೆಗೆದು ಮಗನಿಗೆ ಅರ್ಧ ಟಿಕೆಟ್ ಕೊಳ್ಳುತ್ತಿದ್ದರು. ಟಿಕೆಟ್ ಕೊಡಿಸಿದ ಮೇಲೆ ಹುಡುಗನಿಗೊಂದು ಕೆಲಸವೂ ಇರುತ್ತಿತ್ತು. ದಾರಿಯಲ್ಲಿ ಬರುವ ಊರುಗಳ ಬೋರ್ಡುಗಳನ್ನು ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಬೇಕಾಗಿತ್ತು. ಪಾಳ್ಯ ಎಂಬುದರಲ್ಲಿ ಒಂದು ಒತ್ತಕ್ಷರ, ಬಾಳ್ಳುಪೇಟೆಯಲ್ಲಿ ಮತ್ತೊಂದು. ಏಳನೆಯ ತರಗತಿಯವರೆಗೆ ಮಾತ್ರ ಓದಿದ್ದ ತಾತ ರಸ್ತೆಯಿಂದ ಕಣ್ಣು ತೆಗೆಯದೆಯೇ ಹುಡುಗನ ತಪ್ಪು ತಿದ್ದುತ್ತಿದ್ದರು. "ಒತ್ತಕ್ಷರ ಕಲಿಸಿದ್ದು ಬಾಳ್ಳುಪೇಟೆ ಬೋರ್ಡು" ಎಂದು ಅಪ್ಪ ನನ್ನ ಮಗನಿಗೆ ಹೇಳಿ, ಅದೇ ಬೋರ್ಡು ಬಂದಾಗ ಅವನಿಂದ ಓದಿಸಿದರು. ಬೆಂಗಳೂರಿನಲ್ಲಿ ಬೆಳೆಯುತ್ತಿರುವ ಅವನು ಳ ಕಾರದ ಒತ್ತಿನಲ್ಲಿ ಎರಡು ಸಲ ಎಡವಿದ.

ಸಕಲೇಶಪುರದಾಚೆ ಮಂಗಳೂರು ರಸ್ತೆಯಲ್ಲಿರುವ ಮಂಜರಾಬಾದ್ ಕೋಟೆಗೆ ನಾನೂ ಮಗನೂ ಹತ್ತಿದೆವು. ಟಿಪ್ಪು ಸುಲ್ತಾನನ ಕಾಲದಲ್ಲಿ, 1792ರಲ್ಲಿ ಕಟ್ಟಿ ಮುಗಿಸಿದ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆ ಅದು. ಮೆಟ್ಟಿಲು ಹತ್ತಲಾಗದ ಅಜ್ಜಿ ಕೆಳಗೆ ಮರದ ನೆರಳಿನಲ್ಲಿ ಅಪ್ಪನೊಂದಿಗೆ ಕುಳಿತು, ಶಿರಾಡಿ ಘಾಟಿಯ ಕಡೆಗೆ ಸಾಲುಗಟ್ಟಿ ಇಳಿಯುತ್ತಿದ್ದ ಲಾರಿ, ಬಸ್ಸುಗಳನ್ನು ನೋಡುತ್ತಿದ್ದರು. ತಾತ ಕೆಲವು ವರ್ಷ ಮಂಗಳೂರಿಗೂ ಬಸ್ಸು ಓಡಿಸಿದ್ದರು. ಯಾವ ಗೇರಿನಲ್ಲಿ ಘಾಟಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು, ಬ್ರೇಕನ್ನೇ ನಂಬಿ ಇಳಿದರೆ ಅದು ಕಾದು ಕೈಕೊಡುತ್ತದೆ, ಏರಿ ಬರುವ ಗಾಡಿಗೆ ನಿಂತು ದಾರಿ ಬಿಡಬೇಕು ಎಂಬುದನ್ನೆಲ್ಲ ಅವರು ಹೊಸಬರಿಗೆ ಹೇಳಿಕೊಡುತ್ತಿದ್ದರು. ನನ್ನ ಮಗ ಹಸುಗೂಸಾಗಿದ್ದಾಗ ನಾನು ಕೆಲಸಕ್ಕೆ ಮರಳಬೇಕಾಗಿ ಬಂದು, ಎಪ್ಪತ್ತಾರು ವರ್ಷದ ತಾತನೂ ಅಜ್ಜಿಯೂ ಬೆಂಗಳೂರಿನ ನಮ್ಮ ಮನೆಗೆ ಬಂದು ಎಂಟು ತಿಂಗಳು ಇದ್ದರು. ಮಗುವಿನ ಬಟ್ಟೆಯನ್ನೆಲ್ಲ ತಾತನೇ ಒಗೆದು ಹರವುತ್ತಿದ್ದರು. ಮಗು ಯಾವ ಜೋಗುಳಕ್ಕೂ ಮಲಗದಿದ್ದಾಗ ಅದನ್ನು ಎದೆಗೊರಗಿಸಿಕೊಂಡು, ಎರಡನೆಯ ಗೇರಿನಲ್ಲಿ ಘಾಟಿ ಹತ್ತುವ ಬಸ್ಸಿನಂತೆ ಗಂಟಲಿನೊಳಗೇ ಸದ್ದು ಮಾಡುತ್ತ ವರಾಂಡದಲ್ಲಿ ನಡೆದಾಡುತ್ತಿದ್ದರು. ಆ ಸದ್ದಿಗೆ ಮಗು ಮಲಗುತ್ತಿತ್ತು. ಕೋಟೆಯ ಮೇಲೆ ನಿಂತಾಗ ಕೆಳಗಿನ ರಸ್ತೆಯಿಂದ ಅದೇ ಸದ್ದು ಬರುತ್ತಿರುವುದು ನನ್ನ ಕಿವಿಗೆ ಬಿದ್ದು, ನಾನು ಸ್ವಲ್ಪ ಹೊತ್ತು ಇಳಿಯದೆ ಅಲ್ಲೇ ಕುಳಿತೆ.

ಎರಡನೆಯ ದಿನ: ಬೇಲೂರು

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದನು. 2023ರಲ್ಲಿ ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳೊಂದಿಗೆ ಇದೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ದಿನ ಪ್ರವಾಸಿಗರು ತುಂಬಾ ಇದ್ದರು. ಎಲ್ಲರೂ ಮದನಿಕೆಯರನ್ನು ಕತ್ತೆತ್ತಿ ನೋಡುತ್ತಿದ್ದಾಗ ಅಜ್ಜಿ ನೇರವಾಗಿ ಒಳಗೆ ನಡೆದು ನವರಂಗದ ಕಂಬವೊಂದರ ಮುಂದೆ ನಿಂತರು. ಮದುವೆಯಾದ ಹೊಸದರಲ್ಲಿ ತಾತ ಅವರನ್ನು ಇಲ್ಲಿಗೆ ಕರೆತಂದು ಮೊದಲು ತೋರಿಸಿದ್ದು ಈ ಕಂಬಗಳನ್ನಂತೆ. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಹಾಗೆ ಮೆದುವಾಗಿದ್ದಾಗಲೇ ಕಲ್ಲನ್ನು ಚರಕಿ ಹಿಡಿದು ತಿರುಗಿಸಿ, ಬಳೆ ಬಳೆಯಾಗಿ ಕಡೆದ ಕಂಬಗಳಿವು. ಯಂತ್ರದ ಕೆಲಸ ಬಲ್ಲ ತಾತನಿಗೆ ಇಷ್ಟು ದೊಡ್ಡ ಕಲ್ಲನ್ನು ಅಲುಗದಂತೆ ನೆಟ್ಟಗೆ ತಿರುಗಿಸಿದ ಬಗೆಯೇ ದೊಡ್ಡ ಬೆರಗಾಗಿತ್ತು. ಬಸ್ಸಿನ ಚಕ್ರ ಒಂದು ಕೂದಲೆಳೆಯಷ್ಟು ಓರೆಯಾದರೂ ಸ್ಟಿಯರಿಂಗು ನಡುಗುತ್ತದೆ, ಇವರು ಹೇಗೆ ಮಾಡಿದರು ನೋಡು ಎಂದು ಹೊಸ ಹೆಂಡತಿಗೆ ವಿವರಿಸಿದ್ದರಂತೆ. ನನಗೆ ಅದು ಮದನಿಕೆಯರಿಗಿಂತ ಹೆಚ್ಚಿನ ಪ್ರೇಮದ ಮಾತಾಗಿ ಕೇಳಿಸಿತು.

ಕೇಶವನ ಪಾದರಕ್ಷೆಯ ಕಥೆಯನ್ನು ನನ್ನ ಮಗನಿಗೆ ಹೇಳಿದ್ದು ಅಜ್ಜಿ. ಅವರಿಗೆ ಅದನ್ನು ಹೇಳಿದವರು ತಾತ. ದೇವರನ್ನು ಬಾಬಾಬುಡನ್ ಗಿರಿಯಿಂದ ಬೇಲೂರಿಗೆ ತರುವಾಗ ದೇವಿಯನ್ನು ಗಿರಿಯಲ್ಲೇ ಬಿಟ್ಟು ಬಂದರೆಂದೂ, ಅಂದಿನಿಂದ ಕೇಶವನು ಅವಳನ್ನು ಕಾಣಲು ಬೇಲೂರಿನಿಂದ ಗಿರಿಯವರೆಗೆ ನಡೆದುಹೋಗಿ ಬರುತ್ತಾನೆಂದೂ, ಅದಕ್ಕಾಗಿ ಗುಡಿಯಲ್ಲಿ ದೊಡ್ಡದೊಂದು ಜೊತೆ ಪಾದರಕ್ಷೆ ಇಟ್ಟಿರುತ್ತಾರೆಂದೂ ಐತಿಹ್ಯವಿದೆ. ನಡೆದು ನಡೆದು ಅವು ಸವೆದಾಗ ಚನ್ನಗಿರಿ ಮತ್ತು ಬಸವಾಪಟ್ಟಣದ ಚಮ್ಮಾರರು ಹೊಸ ಜೊತೆ ಹೊಲಿದು ತಂದೊಪ್ಪಿಸುವ ಪದ್ಧತಿಯಿತ್ತಂತೆ. "ದೇವರಿಗೂ ನೈಟ್ ಹಾಲ್ಟು ಅಂತ ಹೇಳೋರು ನಿಮ್ಮ ಮುತ್ತಾತ. ಎಷ್ಟು ದೂರ ಇದ್ರೂ ಹೆಂಡತಿ ಹತ್ರ ಬರಲೇಬೇಕು, ಚಪ್ಪಲಿ ಸವೆದ್ರೆ ಸವೀಲಿ ಅನ್ನೋರು" ಎಂದು ಅಜ್ಜಿ ಹುಡುಗನಿಗೆ ಹೇಳಿದರು.

ಅಪ್ಪ ಆಗ ನೆನೆದದ್ದು ತಾತನ ಚಪ್ಪಲಿಗಳನ್ನು. ಜೊತೆಯಲ್ಲಿ ಯಾವಾಗಲೂ ಬಲಗಾಲಿನದೇ ಮೊದಲು ಸವೆಯುತ್ತಿತ್ತು, ಅದೂ ಹಿಮ್ಮಡಿಯ ಹಿಂಭಾಗದಲ್ಲಿ. ಇಡೀ ದಿನ ಹಿಮ್ಮಡಿಯನ್ನು ನೆಲಕ್ಕೂರಿ ಆಕ್ಸಿಲರೇಟರಿಗೂ ಬ್ರೇಕಿಗೂ ಪಾದ ಹೊರಳಿಸುತ್ತಿದ್ದುದರಿಂದ ಹಾಗಾಗುತ್ತಿತ್ತು. ಎಡಗಾಲಿನದು ಇನ್ನೂ ಚೆನ್ನಾಗಿರುವುದನ್ನು ನೋಡಿ ತಾತ ಹೊಸ ಜೊತೆ ಕೊಳ್ಳದೆ, ಬಲಗಾಲಿಗೆ ಮಾತ್ರ ಟೈರಿನ ತುಂಡು ಹೊಲಿಸಿಕೊಳ್ಳುತ್ತಿದ್ದರು. ಹೊಸ ಚಪ್ಪಲಿ ಕೊಳ್ಳುವ ಹಣ ಆ ವರ್ಷಗಳಲ್ಲಿ ನಾಲ್ವರು ಮಕ್ಕಳ ಕಾಲಿಗೆ ಹೋಗುತ್ತಿತ್ತು ಎಂಬುದನ್ನು ಅಪ್ಪ ಮೆಲ್ಲನೆ ಹೇಳಿ ಸುಮ್ಮನಾದರು.

ಹಳೇಬೀಡಿಗೆ ಹೋಗಿಬರುವ ಯೋಚನೆಯಿತ್ತಾದರೂ ಬಿಸಿಲು ಏರಿ ಅಜ್ಜಿ ದಣಿದಿದ್ದರಿಂದ ಕೈಬಿಟ್ಟು ಸಂಜೆಗೆ ಚಿಕ್ಕಮಗಳೂರು ಸೇರಿದೆವು.

ಮೂರನೆಯ ದಿನ: ಆಲ್ದೂರಿನಾಚೆ

1981ರಿಂದ 1992ರವರೆಗೆ, ಹನ್ನೊಂದು ವರ್ಷ, ತಾತನ ಶೆಡ್ಯೂಲು ಒಂದೇ ಆಗಿತ್ತು. ಹಾಸನದಿಂದ ಹೊರಟು ಬೇಲೂರು, ಚಿಕ್ಕಮಗಳೂರು, ಆಲ್ದೂರು ದಾಟಿ ಕಾಫಿತೋಟಗಳ ನಡುವಿನ ಒಂದು ಹಳ್ಳಿಯನ್ನು ರಾತ್ರಿ ಮುಟ್ಟುವುದು, ಅಲ್ಲೇ ಹಾಲ್ಟ್ ಮಾಡಿ ಬೆಳಿಗ್ಗೆ ಮೊದಲ ಬಸ್ಸಾಗಿ ಹಾಸನಕ್ಕೆ ಮರಳುವುದು. ನೈಟ್ ಹಾಲ್ಟ್ ಬಸ್ಸು ಎಂದರೇನೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ರಸ್ತೆ ಮುಗಿಯುವ ಊರಿಗೆ ಕೊನೆಯ ಬಸ್ಸೂ ಅದೇ, ಮೊದಲ ಬಸ್ಸೂ ಅದೇ. ಆಸ್ಪತ್ರೆ, ಕಾಲೇಜು, ಕೋರ್ಟು ಎಲ್ಲದಕ್ಕೂ ಜನ ಅದನ್ನೇ ನಂಬಿರುತ್ತಾರೆ. ಚಾಲಕ, ನಿರ್ವಾಹಕರು ಬಸ್ಸಿನಲ್ಲೋ ಯಾರದೋ ಜಗಲಿಯಲ್ಲೋ ಮಲಗುತ್ತಾರೆ.

ಬೆಳಿಗ್ಗೆ ಚಿಕ್ಕಮಗಳೂರಿನ ಲಾಡ್ಜಿನ ಕಿಟಕಿಯಿಂದ ಚಂದ್ರದ್ರೋಣದ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೋಗೋಣವೇ ಎಂದು ಅಪ್ಪ ಕೇಳಿದ್ದಕ್ಕೆ ಅಜ್ಜಿ, ಅವರ ರೂಟು ಆ ಕಡೆ ಇರಲಿಲ್ಲವಲ್ಲ ಎಂದು ಬೇಡವೆಂದರು. ಸಂಜೆಯ ಬಸ್ಸಿಗಾಗಿ ಇಡೀ ದಿನ ಕಾದು, ಐದೂವರೆಗೆ ಹತ್ತಿದೆವು.

ಆಲ್ದೂರು ದಾಟಿದ ಮೇಲೆ ಬಸ್ಸಿನೊಳಗೆ ಪರಿಮಳ ತುಂಬಿಕೊಂಡಿತು. ಒಂಬತ್ತು ದಿನಗಳ ಹಿಂದೆ ಹೂಮಳೆ ಬಿದ್ದಿತ್ತಂತೆ. ಬೇಸಿಗೆಯಲ್ಲಿ ಒಣಗಿ ನಿಂತ ಕಾಫಿ ಗಿಡದ ಮೊಗ್ಗುಗಳು ಒಂದು ಒಳ್ಳೆಯ ಮಳೆಗಾಗಿ ಕಾಯುತ್ತಿರುತ್ತವೆ. ಮಳೆ ಬಿದ್ದ ಎಂಟು ಹತ್ತು ದಿನಗಳಿಗೆ ಇಡೀ ತೋಟ ಒಟ್ಟಿಗೇ ಅರಳಿ, ಮೂರು ನಾಲ್ಕು ದಿನ ಬೆಳ್ಳಗೆ ನಿಂತು ಬಾಡುತ್ತದೆ. ಕತ್ತಲಾಗುತ್ತಿದ್ದರೂ ರಸ್ತೆಯ ಎರಡೂ ಬದಿಗೆ ಸಿಲ್ವರ್ ಓಕ್ ಮರಗಳ ಕೆಳಗೆ ಆ ಬಿಳುಪು ಕಾಣುತ್ತಿತ್ತು. ಅಜ್ಜಿ, "ಇದು ಅವರ ಅಂಗಿ ವಾಸನೆ" ಎಂದರು. ವರ್ಷಕ್ಕೊಮ್ಮೆ ಎರಡು ಮೂರು ದಿನ ತಾತನ ಖಾಕಿ ಅಂಗಿ ಮಲ್ಲಿಗೆಯಂತೆ ಘಮಗುಡುತ್ತಿದ್ದುದಕ್ಕೆ ಕಾರಣವೇನೆಂದು ಹೊಸದರಲ್ಲಿ ಅಜ್ಜಿ ಕೇಳಿರಲಿಲ್ಲವಂತೆ, ತಾತನೇ ತಾನಾಗಿ ಹೇಳಿದರಂತೆ.

ಡಬ್ಬಿ ಸೇರಿದ್ದ ಮನೆ ಈ ಹಳ್ಳಿಯಲ್ಲಿತ್ತು. ಬಸ್ಸು ನಿಲ್ಲುವ ಜಾಗಕ್ಕೆ ಎದುರಿಗೇ ಇರುವ, ಮೂರು ಎಕರೆ ತೋಟದವರ ಹೆಂಚಿನ ಮನೆ ಅದು. ಹೊಸದರಲ್ಲಿ ಆ ಮನೆಯಾಕೆ ತಾತನಿಗೆ ಬಿಸಿನೀರು ಕೊಡುತ್ತಿದ್ದರು. ಒಂದು ದಿನ ಕಳಲೆಯ ಪಲ್ಯವನ್ನು ಡಬ್ಬಿಗೆ ಹಾಕಿ, "ಮನೆಗೆ ಒಯ್ಯಿರಿ ಡ್ರೈವರಣ್ಣ" ಎಂದು ಕೊಟ್ಟರು. ಖಾಲಿ ಡಬ್ಬಿ ಹಿಂದಿರುಗಿಸಬಾರದು ಎಂದು ಅಜ್ಜಿ ಅದರಲ್ಲಿ ಹುಚ್ಚೆಳ್ಳು ಚಟ್ನಿಪುಡಿ ತುಂಬಿ ಕಳಿಸಿದರು. ಖಾಲಿ ಡಬ್ಬಿ ಅವರೂ ಕಳಿಸಲಿಲ್ಲ. ಹನ್ನೊಂದು ವರ್ಷ ಆ ಡಬ್ಬಿ ತಾತನ ಪಕ್ಕದಲ್ಲಿ, ಎಂಜಿನ್ನಿನ ಬಾನೆಟ್ಟಿನ ಮೇಲೆ ಕುಳಿತು ಓಡಾಡಿತು. ಇತ್ತಿಂದ ಅವರೆಕಾಳು, ಕೊಬ್ಬರಿ ಮಿಠಾಯಿ, ರಾಗಿ ಹುರಿಹಿಟ್ಟು ಹೋದರೆ ಅತ್ತಿಂದ ಕಾಳುಮೆಣಸು, ಏಲಕ್ಕಿ, ಮಿಡಿ ಉಪ್ಪಿನಕಾಯಿ, ಕಡುಬು ಬರುತ್ತಿದ್ದವು. ಆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಒಮ್ಮೆಯೂ ನೋಡಿರಲಿಲ್ಲ. 1992ರಲ್ಲಿ ತಾತನ ರೂಟು ಇದ್ದಕ್ಕಿದ್ದಂತೆ ಬದಲಾದಾಗ ಡಬ್ಬಿ ನಮ್ಮ ಮನೆಯಲ್ಲಿತ್ತು.

ಬಸ್ಸು ನಿಂತಾಗ ಬ್ಯಾಟರಿ ಹಿಡಿದು ಕಾಯುತ್ತಿದ್ದವರು ಎಪ್ಪತ್ತು ದಾಟಿದ ಆ ಅಮ್ಮ. ಅಜ್ಜಿ ಇಳಿಯುತ್ತಲೇ, "ಅಕ್ಕಾ, ನಿಮ್ಮ ದನಿ ಒಂದು ಬಿಟ್ಟು ಎಲ್ಲಾ ಗೊತ್ತು ನನಗೆ" ಎಂದು ಕೈಹಿಡಿದುಕೊಂಡರು. ಅಜ್ಜಿ ಏನೂ ಹೇಳಲಾರದೆ ಡಬ್ಬಿಯನ್ನು ಮುಂದೆ ಚಾಚಿದರು. ಈ ಸಲವೂ ಅದರಲ್ಲಿದ್ದದ್ದು ಹುಚ್ಚೆಳ್ಳು ಪುಡಿಯೇ.

ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಇಬ್ಬರೂ ತಾತನ ಬಗ್ಗೆ ಮಾತಾಡಿದ್ದನ್ನು ನಾನು ಬದುಕಿರುವವರೆಗೆ ಮರೆಯಲಾರೆ. ಅಡುಗೆಯ ವಿಧಾನಗಳನ್ನು ಇಬ್ಬರ ನಡುವೆ ಒಯ್ದವರೂ ತಾತನೇ ಆಗಿದ್ದರು. ಅನ್ನಕ್ಕೆ ಎಸರಿಡಲು ಬಾರದ ಮನುಷ್ಯ ಇದೇ ಜಗಲಿಯ ಮುಂದೆ ನಿಂತು, "ಹುಚ್ಚೆಳ್ಳು ಚಟಪಟ ಅನ್ನೋವರೆಗೆ ಹುರೀಬೇಕಂತೆ, ಬೆಳ್ಳುಳ್ಳಿ ಸಿಪ್ಪೆ ಸುಲೀಬಾರದಂತೆ, ಹುಣಸೆಹಣ್ಣು ಇಷ್ಟೇ ಅಂತೆ" ಎಂದು ಬೆರಳ ತುದಿಯಲ್ಲಿ ಅಳತೆ ತೋರಿಸಿ ಪಾಠ ಒಪ್ಪಿಸುತ್ತಿದ್ದರಂತೆ. ಮನೆಗೆ ಬಂದಾಗ ಅಜ್ಜಿಯ ಮುಂದೆ, ಕಳಲೆಯನ್ನು ಹೆಚ್ಚಿ ನೀರಿನಲ್ಲಿ ಹಾಕಿ ದಿನವೂ ನೀರು ಬದಲಿಸಬೇಕು, ಇಲ್ಲದಿದ್ದರೆ ತಿನ್ನುವ ಹಾಗಿಲ್ಲ ಎಂದು ಅಷ್ಟೇ ಶ್ರದ್ಧೆಯಿಂದ ಹೇಳುತ್ತಿದ್ದರು. ಒಂದು ಮಾತೂ ಹೆಚ್ಚುಕಡಿಮೆಯಾಗುತ್ತಿರಲಿಲ್ಲ ಎಂದು ಇಬ್ಬರೂ ಒಪ್ಪಿದರು.

ಆಮೇಲೆ ಆ ಅಮ್ಮ ನಮಗೆ ಯಾರಿಗೂ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಿದರು. 1981ರ ಜುಲೈ ತಿಂಗಳು, ತಾತ ಈ ರೂಟಿಗೆ ಬಂದ ಮೊದಲ ಮಳೆಗಾಲ. ಒಂದು ರಾತ್ರಿ ಮರಗಳು ಉರುಳಿ, ಗುಡ್ಡ ಜಾರಿ, ರಸ್ತೆ ಮುಚ್ಚಿಹೋಗಿ ಬಸ್ಸು ಇಲ್ಲೇ ಸಿಕ್ಕಿಕೊಂಡಿತು. ನಮ್ಮ ಮನೆಗೆ ತಾತನ ಸುದ್ದಿ ಮುಟ್ಟಿದ್ದು ಅಜ್ಜಿಗೆ ಚೆನ್ನಾಗಿ ನೆನಪಿದೆ. ಮರುದಿನ ಸಂಜೆ ಹಾಸನದ ಕಡೆ ಹೋಗುತ್ತಿದ್ದ ಬಸ್ಸೊಂದು ನಮ್ಮೂರಿನ ಬಳಿ ನಿಂತು, ಅದರ ಚಾಲಕರು, "ಮೂರು ದಿನ ಬರಲ್ಲವಂತೆ, ಹುಷಾರಾಗಿದ್ದಾರಂತೆ, ಹುಡುಗನ ಕಾಲೇಜಿನ ಫೀಸು ಟ್ರಂಕಿನಲ್ಲಿರೋ ಹಳೇ ಖಾಕಿ ಅಂಗಿ ಜೇಬಲ್ಲಿದೆಯಂತೆ, ನಾಳೆಯೇ ಕಟ್ಟಿಸಬೇಕಂತೆ" ಎಂದು ಹೇಳಿಹೋಗಿದ್ದರು. ಆ ಹುಡುಗ ನನ್ನ ಅಪ್ಪ. ಪಿಯುಸಿಗೆ ಸೇರಲು ಮರುದಿನವೇ ಕೊನೆಯ ದಿನವಾಗಿತ್ತು. ನಮಗೆ ತಿಳಿದಿದ್ದದ್ದು ಇಷ್ಟೇ.

"ಫೋನೆಲ್ಲಿತ್ತು ಆಗ? ಬೆಳಗಾಗೋ ಮುಂಚೆ ಗೊರಬು ಕೇಳಿ ಇಸ್ಕೊಂಡು ಆ ಮಳೇಲಿ ಆಲ್ದೂರಿಗೆ ನಡೆದೇ ಹೋದ್ರು. ಹನ್ನೊಂದು ಕಿಲೋಮೀಟರು. ಚಿಕ್ಕಮಗಳೂರಿಗೆ ಹೊರಟಿದ್ದ ಬಸ್ಸಿನವರಿಗೆ ಸುದ್ದಿ ಹೇಳಿ, ಬಸ್ಸು ಬಿಟ್ಟಿರೋ ಹಾಗಿಲ್ಲ ಅಂತ ಸಂಜೆ ಹೊತ್ತಿಗೆ ವಾಪಸು ನಡ್ಕೊಂಡೇ ಬಂದ್ರು. ಕಾಲು ತುಂಬಾ ಜಿಗಣೆ. ನಾನು ಸುಣ್ಣ ಹಚ್ಚಿ ಕಿತ್ತೆ" ಎಂದರು ಆ ಅಮ್ಮ.

ಅಪ್ಪ ಆ ಕಾಲೇಜಿಗೆ ಸೇರಿ, ಪದವಿ ಮುಗಿಸಿ, ಮೂವತ್ತೈದು ವರ್ಷ ಮೇಷ್ಟರಾಗಿದ್ದವರು. ಅವರು ಎದ್ದು ಜಗಲಿಯ ಅಂಚಿಗೆ ಹೋಗಿ ಕತ್ತಲಲ್ಲಿ ನಿಂತಿದ್ದ ಬಸ್ಸನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಾಲಕನ ಹತ್ತಿರ ಹೋಗಿ ಏನೋ ಕೇಳಿದರು. ಮೂವತ್ತರ ಆಸುಪಾಸಿನ ಆ ಹುಡುಗ, "ಅದಕ್ಕೇನು ಬನ್ನಿ ಸಾರ್" ಎಂದು ಒಳಗೆ ದೀಪ ಹಾಕಿದ. ಅಪ್ಪ ಆ ರಾತ್ರಿ ಮನೆಯೊಳಗೆ ಹಾಸಿದ್ದ ಹಾಸಿಗೆಗೆ ಬರದೆ, ಬಸ್ಸಿನ ಕೊನೆಯ ಉದ್ದ ಸೀಟಿನ ಮೇಲೆ ಮಲಗಿದರು.

ನಾಲ್ಕನೆಯ ದಿನ: ಮೊದಲ ಬಸ್ಸು

ಆರು ಗಂಟೆಗೇ ಬಸ್ಸಿನ ಎಂಜಿನ್ ಶುರುವಾಯಿತು. ಮಂಜು ಇನ್ನೂ ತೋಟದ ಮೇಲಿತ್ತು. ಕಾಲೇಜಿನ ಹುಡುಗಿಯರಿಬ್ಬರು, ಆಸ್ಪತ್ರೆಗೆ ಹೊರಟ ಒಬ್ಬ ಮುದುಕರು, ಚೀಲ ಹಿಡಿದ ನಾಲ್ಕೈದು ಮಂದಿ ಹತ್ತಿದರು. ಅಜ್ಜಿಯೂ ಆ ಅಮ್ಮನೂ ಬೀಳ್ಕೊಂಡಾಗ ಹೆಚ್ಚು ಮಾತಾಡಲಿಲ್ಲ. ನಸುಕಿನಲ್ಲೇ ಎದ್ದು ಇಬ್ಬರೂ ಒಟ್ಟಿಗೆ ಅಕ್ಕಿತರಿ ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದ್ದರು. ಮಾತೆಲ್ಲ ಅಲ್ಲೇ ಮುಗಿದಿತ್ತು.

ಬಸ್ಸು ಹೊರಡುವ ಹೊತ್ತಿಗೆ ಆ ಅಮ್ಮ ಒಳಗಿನಿಂದ ಡಬ್ಬಿ ತಂದರು. ಅಜ್ಜಿ ಕಿಟಕಿಯಿಂದ ಕೈ ಚಾಚಿದ್ದರು. ಆದರೆ ಅಮ್ಮ ಅಜ್ಜಿಯ ಕಿಟಕಿಯನ್ನು ದಾಟಿ ಮುಂದೆ ಹೋಗಿ, ಚಾಲಕನ ಕಿಟಕಿಯ ಕೆಳಗೆ ನಿಂತು ಡಬ್ಬಿಯನ್ನು ಮೇಲೆತ್ತಿ ಹಿಡಿದರು. ಕೊಡಬೇಕಾದ್ದು ಯಾರಿಗೆಂದು ಹುಡುಗ ಕೇಳಲಿಲ್ಲ. ಎರಡೂ ಕೈಯಿಂದ ತೆಗೆದುಕೊಂಡು, ತನ್ನ ಟವೆಲನ್ನು ಸಿಂಬೆ ಸುತ್ತಿ ಬಾನೆಟ್ಟಿನ ಮೇಲೆ ಅಲುಗದಂತೆ ಇಟ್ಟು ಗೇರು ಹಾಕಿದ.

ಆಲ್ದೂರು, ಚಿಕ್ಕಮಗಳೂರು, ಬೇಲೂರು ಬಂದುಹೋದವು. ಅಜ್ಜಿ ಹೊರಗೆ ನೋಡಲಿಲ್ಲ. ತಿರುವಿನಲ್ಲಿ ಡಬ್ಬಿ ಒಂದಿಷ್ಟು ವಾಲಿದರೆ ಅವರ ಕೈ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಹತ್ತು ಗಂಟೆ ದಾಟಿದ ಮೇಲೆ ನಮ್ಮೂರಿನ ಬಳಿ ಇಳಿದೆವು. ಅಪ್ಪ ಚಾಲಕನಿಂದ ಡಬ್ಬಿ ಇಸಿದುಕೊಂಡು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಅದನ್ನು ಸೆರಗಿನಲ್ಲಿ ಹಿಡಿದು, ತಳಕ್ಕೆ ಅಂಗೈ ಕೊಟ್ಟು ನೋಡಿ, "ಇನ್ನೂ ಬಿಸಿ ಇದೆ" ಎಂದು ಮನೆಯ ಕಡೆ ನಡೆದರು.